ಸಸಿ ಎಂದು ಬರೆದದ್ದು

ಲಿಂಗಂಪಲ್ಲಿ, ಹೈದರಾಬಾದ್
8 ಸೆಪ್ಟೆಂಬರ್ 2024

ಅಕ್ಕನವರಿಗೆ ವಿಜಯಕುಮಾರನ ನಮಸ್ಕಾರಗಳು.

ಈ ಸುದ್ದಿಯನ್ನು ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ನಿಮ್ಮ ಕಿವಿ ಮಂದವಾದಂದಿನಿಂದ ನಾನು ಇಲ್ಲಿ ಹೇಳಿದ್ದನ್ನು ಮಾವನವರು ಅಲ್ಲಿ ಕೂಗಿ ನಿಮಗೆ ಮುಟ್ಟಿಸುತ್ತಾರೆ. ನವಲಗುಂದದ ಅರ್ಧ ಓಣಿಗೆ ನಿಮಗಿಂತ ಮೊದಲು ತಿಳಿಯುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ.

ಮಗಳು ನಿರೀಕ್ಷಾಗೆ ಮೂರನೆಯ ತಿಂಗಳು. ಹನ್ನೊಂದು ವಾರ ತುಂಬಿವೆ. ಏನು ತಿಂದರೂ ನಿಲ್ಲುತ್ತಿಲ್ಲವಾದ್ದರಿಂದ ಮಣಿಕೊಂಡದ ತನ್ನ ಮನೆಯಿಂದ ಇಲ್ಲಿಗೆ, ತಾಯಿ ವನಜಾಳ ಆರೈಕೆಗೆ ಬಂದಿದ್ದಾಳೆ. ಅಳಿಯ ಸಮರ್ಥ್ ಶನಿವಾರ ಬಂದು ಸೋಮವಾರ ಹೋಗುತ್ತಾನೆ. ಮೊನ್ನೆ ಅವಳು, "ಅಪ್ಪಾ, ನವಲಗುಂದದ ಅತ್ತಿ ಮನ್ಯಾಗ ಬಿಸಿ ರೊಟ್ಟಿ ಜೋಡಿ ಹಸೀದs ತಿಂದಿದ್ನಲ್ಲ, ಹಕ್ಕರಕಿ, ಅದು ಇಲ್ಲೆಲ್ಲಿ ಸಿಗತೈತೇನ್ರಿ?" ಎಂದಳು. ಮೂರು ವಾರಗಳಲ್ಲಿ ಅವಳು ತಾನಾಗಿ ಕೇಳಿದ ಮೊದಲ ತಿನಿಸು ಆ ಸೊಪ್ಪು. ಲಿಂಗಂಪಲ್ಲಿಯ ಸಂತೆ ನೋಡಿದೆ. ಕಾಚಿಗೂಡದಲ್ಲಿ ನಮ್ಮ ಕಡೆಯವರ ಅಂಗಡಿಗಳಲ್ಲಿ ವಿಚಾರಿಸಿದೆ. ಎಲ್ಲಿಯೂ ಇಲ್ಲ. ಬೆಳೆಯಬೇಕೆಂದು ನಿರ್ಧರಿಸಿದ್ದೇನೆ.

ಜೂನ್ ತಿಂಗಳಲ್ಲಿ ಹಿಡಿದ ಈ ಬಾಡಿಗೆ ಮನೆಯ ಹಿಂದೆ ಹನ್ನೊಂದು ಅಡಿ ಉದ್ದ, ಎಂಟು ಅಡಿ ಅಗಲದ ನೆಲವಿದೆ. ಮೇಲಿನ ಅರ್ಧ ಅಡಿಯೆಲ್ಲ ಮನೆ ಕಟ್ಟಿದವರು ಬಿಟ್ಟುಹೋದ ಇಟ್ಟಿಗೆ ಚೂರು ಮತ್ತು ಸಿಮೆಂಟು. ಅದರ ಕೆಳಗೆ ಕೆಂಪು ಗರಸು. ಒಂದು ಬಾಟಲಿಯಲ್ಲಿ ಮಣ್ಣು ಮತ್ತು ನೀರು ಕಲಕಿ ಒಂದು ದಿನ ಇಟ್ಟು ಪದರಗಳನ್ನು ಅಳೆದೆ: ಹತ್ತರಲ್ಲಿ ಏಳು ಪಾಲು ಮರಳು. ಸುರಿದ ನೀರು ಇಪ್ಪತ್ತು ನಿಮಿಷಕ್ಕೆ ಕಾಣೆಯಾಗುತ್ತದೆ. ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ ಹೆಚ್ಚು. ನಿಮ್ಮ ಕಪ್ಪು ಎರಿ ಮಣ್ಣಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಬೀಜ ಕಳುಹಿಸಿ, ಬಿತ್ತುವ ಆಳ, ಸಾಲಿನ ಅಂತರ, ನೀರಿನ ಪ್ರಮಾಣ ತಿಳಿಸಿ.

ನಿಮ್ಮ ತಮ್ಮ
ವಿಜಯಕುಮಾರ


ನವಲಗುಂದ
17 ಸೆಪ್ಟೆಂಬರ್ 2024

ವಿಜೂ,

ನಿನ್ನ ಪತ್ರ ಓದಿ ಒಬ್ಬಾಕಿನ ಅಡಿಗಿಮನ್ಯಾಗ ಕುಂತು ನಕ್ಕೆ, ಅತ್ತೆ, ಮತ್ತ ನಕ್ಕೆ. ನಿಮ್ಮ ಮಾವ "ಏನಾತು, ಏನಾತು" ಅಂತ ಓಡಿಬಂದ್ರು. ಹೇಳಲಿಲ್ಲ. ಮೂರು ತುಂಬೂತನಕ ಬಾಯಿ ಬಿಡೂದಿಲ್ಲ, ನೀ ಕಾಳಜಿ ಮಾಡಬ್ಯಾಡ.

ಅಲ್ಲೋ, ಪತ್ರದಾಗ "ನೀವು" ಅಂತೀ, ಎದುರಿಗೆ ಬಂದಾಗ "ನೀ" ಅಂತೀ. ಪತ್ರ ಬರಿಯೂ ಮುಂದ ಬೂಟು ಹಾಕ್ಕೊಂಡು ಕುಂದರತೀ ಏನ? ನಾ ಏಳನೇ ಇಯತ್ತೆ ಕಲತಾಕಿ, ಮಾತಾಡಿಧಂಗs ಬರಿತೀನಿ. ತಿಳಕೊಂಡು ಓದು.

ಹಕ್ಕರಕಿಗೆ ಆಳ ಎಷ್ಟು, ಅಂತರ ಎಷ್ಟು ಅಂತ ಕೇಳಿದಿ. ನನಗೇನ ಗೊತ್ತು! ಅದನ್ನ ನಾವು ಬಿತ್ತಿದ್ದು ಯಾವಾಗ? ಹಿಂಗಾರಿ ಜ್ವಾಳದ ಸಾಲಿನಾಗ ತಾನs ಹುಟ್ಟತೈತಿ. ಗಾಳಿ ಬಿತ್ತತೈತಿ, ಇಬ್ಬನಿ ನೀರು ಹಾಕತೈತಿ, ನಾವು ಹರಕೊಂಡು ತಿಂತೀವಿ. ಅಂಥಾದ್ದಕ್ಕ ನೀ ಪಟ್ಟಿ ಹಿಡಕೊಂಡು ನಿಂತೀ.

ಬೀಜ ಈ ಪಾಕೀಟಿನಾಗ ಅದಾವು. ಹತ್ತಿಯಂಗ ಹಾರತಾವು, ಫ್ಯಾನ್ ಆರಿಸಿ ಬಿಚ್ಚು. ಮ್ಯಾಲ ಮಣ್ಣು ಉದುರಿಸು, ಒತ್ತಬ್ಯಾಡ. ನೀರು ಎಂಟು ದಿನಕ್ಕೊಮ್ಮೆ ಸಾಕು. ನಮ್ಮ ಮಣ್ಣಿಲ್ಲದ ಅದು ಏಳೂದು ನನಗೇನೋ ಅನುಮಾನ. ಕಾಚಿಗೂಡದ ಅರಿವಿ ಅಂಗಡಿ ಶಿವಶರಣಪ್ಪ ಊರಿಗೆ ಬಂದಾನ. ಹೊಳ್ಳಿ ಬರೂ ಮುಂದ ಅವನ ಕೂಡ ಒಂದು ಚೀಲ ಎರಿ ಮಣ್ಣು ಕಳಸಾಕತ್ತೀನಿ. ಸ್ಟೇಶನ್ನಿಗೆ ಹೋಗಿ ಇಳಿಸ್ಕೋ.

ಏಳನೇ ತಿಂಗಳಾಗ ಕುಬಸಕ್ಕ ನಾನs ಬರತೀನಿ. ಹಸರ ಸೀರಿ ನಂದು. ವನಜಾಗ ಹೇಳಿಡು, ಬ್ಯಾರೆ ಯಾರೂ ತರೂದು ಬ್ಯಾಡ.

ಅಕ್ಕ


ಲಿಂಗಂಪಲ್ಲಿ
6 ಅಕ್ಟೋಬರ್ 2024

ಅಕ್ಕನವರಿಗೆ,

ಮಣ್ಣಿನ ಚೀಲ ತಲುಪಿತು. ತಲುಪಿದ ಬಗೆಯನ್ನು ತಿಳಿಸಬೇಕು. ಕಾಚಿಗೂಡದಲ್ಲಿ ಶಿವಶರಣಪ್ಪ ಮತ್ತು ನಾನು ಚೀಲವನ್ನು ಆಚೀಚೆ ಹಿಡಿದು ಬರುವಾಗ ಪೊಲೀಸನೊಬ್ಬ ತಡೆದ. "ಇಸ್‌ಮೆ ಕ್ಯಾ ಹೈ?" ಎಂದ. ನಾನು ಮಣ್ಣು ಎಂದೆ. ಬಿಚ್ಚಿಸಿ, ಕೈ ಹಾಕಿ, ಮೂಸಿ ನೋಡಿ, "ಹೈದರಾಬಾದ್ ಮೇ ಮಿಟ್ಟಿ ಖತಮ್ ಹೋಗಯಿ ಕ್ಯಾ ಸಾಬ್?" ಎಂದು, ಇಲ್ಲಿ ಮಣ್ಣೇ ಮುಗಿದುಹೋಯಿತೇ ಎನ್ನುವಂತೆ ಕೇಳಿದ. ನಾನು ಕ್ಷಾರಗುಣ, ಜಿಗುಟು ಇತ್ಯಾದಿ ವಿವರಿಸತೊಡಗಿದೆ. ಶಿವಶರಣಪ್ಪ ನನ್ನನ್ನು ಪಕ್ಕಕ್ಕೆ ಸರಿಸಿ, "ಬೇಟಿ ಪೇಟ್ ಸೇ ಹೈ ಭಾಯ್, ಮೈಕೇ ಕೀ ಮಿಟ್ಟಿ ಹೈ" ಎಂದುಬಿಟ್ಟ; ಮಗಳು ಬಸುರಿ, ಇದು ತವರಿನ ಮಣ್ಣು ಎಂದು. ಪೊಲೀಸನೇ ಚೀಲದ ಒಂದು ತುದಿ ಹಿಡಿದು ಆಟೋದವರೆಗೆ ಬಂದ. ನನ್ನ ವಿವರಣೆಗಿಂತ ಸುಳ್ಳು ಬೆರೆತ ಆ ಒಂದು ಮಾತು ಹೆಚ್ಚು ಕೆಲಸ ಮಾಡಿತು. ಮನೆಯಲ್ಲಿ ಹೇಳಿದಾಗ ನಿರೀಕ್ಷಾ ಬಹಳ ಹೊತ್ತು ನಕ್ಕಳು.

ಎಂಟು ಅಂಗುಲ ಅಗೆದು ಸಿಮೆಂಟಿನ ಚೂರುಗಳನ್ನೆಲ್ಲ ತೆಗೆದೆ. ಹನ್ನೊಂದು ಬುಟ್ಟಿ ಹೊರಗೆ ಹೋಯಿತು. ನಾಲ್ಕು ಅಡಿಗೆ ಮೂರು ಅಡಿಯ ಒಂದು ಮಡಿ ಮಾಡಿ, ನಿಮ್ಮ ಮಣ್ಣು ಒಂದು ಪಾಲು, ಇಲ್ಲಿಯದು ಎರಡು ಪಾಲು, ಹಳೆಯ ಸಗಣಿಗೊಬ್ಬರ ಒಂದು ಪಾಲು ಬೆರೆಸಿದೆ. ನೀವು ಹೇಳಿದಂತೆ ಎಂಟು ದಿನಕ್ಕೊಮ್ಮೆ ನೀರು ಹಾಕಿದ್ದರೆ ಇಲ್ಲಿ ಯಾವುದೂ ಉಳಿಯುತ್ತಿರಲಿಲ್ಲ. ಮಡಿಯ ನಡುವೆ ಒಂದು ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ಹೂಳಿ, ಅದರಲ್ಲಿ ತಾರಸಿಯಿಂದ ಹಿಡಿದ ಮಳೆನೀರು ತುಂಬಿದ್ದೇನೆ. ಅದು ಬೆವರಿದಷ್ಟೇ ನೀರು ಬೇರಿಗೆ ಸಿಗುತ್ತದೆ. ಮಧ್ಯಾಹ್ನದ ಬಿಸಿಲಿಗೆ ವನಜಾಳ ಹಳೆಯ ಸೀರೆಯ ನೆರಳು.

ಸೆಪ್ಟೆಂಬರ್ 28ರಂದು ಬಿತ್ತಿದೆ. ಇಂದು ಬೆಳಿಗ್ಗೆ ಮೊಳಕೆ ಕಂಡವು. ನಾನು ಮೂವತ್ತೊಂದು ಎಣಿಸಿದೆ. ನಿರೀಕ್ಷಾ ಮೂವತ್ತನಾಲ್ಕು ಎನ್ನುತ್ತಾಳೆ. ಮೂರು ಹುಲ್ಲು ಎಂದು ನನ್ನ ಅಭಿಪ್ರಾಯ. ವಾಂತಿ ಕಡಿಮೆಯಾಗಿದೆ, ಗಂಜಿ ನಿಲ್ಲುತ್ತಿದೆ. ಆದರೂ ಹಕ್ಕರಕಿ ಬೇಕೇ ಬೇಕಂತೆ.

ವಿಜಯಕುಮಾರ


ನವಲಗುಂದ
18 ಅಕ್ಟೋಬರ್ 2024

ವಿಜೂ,

ನಿನ್ನಿ ಸೀಗಿ ಹುಣ್ಣಿವಿ ಆತು. ಹೊಲಕ್ಕ ಹೋಗಿ ಚರಗ ಚೆಲ್ಲಿ ಬಂದ್ವಿ. ಭೂಮಿತಾಯಿ ಬಸರಿ ಅದಾಳ, ಆಕಿ ಬಯಕಿ ತೀರಸಬೇಕು ಅಂತ ನಮ್ಮವ್ವ ಹೇಳತಿದ್ಳಲ್ಲ, ನಿನಗ ನೆನಪೈತೇನ? ಕಡಬು ಕಂಡ ಕೂಡಲೇ ಭೂಮಿತಾಯಿಗಿಂತ ಮೊದಲ ನೀನs ತಿಂದು ಹೊಡತ ತಿಂದಿದ್ದಿ.

ಈ ಸಲ ನಿರೀಕ್ಷಾನ ಹೆಸರೀಲೆ ಒಂದು ಹಿಡಿ ಹೆಚ್ಚಿಗಿ ಚೆಲ್ಲೀನಿ. ಮೂವತ್ತನಾಲ್ಕs ಖರೆ, ನೀ ಸುಮ್ಮನಿರು. ಬಸರಿ ಹೆಂಗಸಿನ ಎಣಿಕಿ ತಪ್ಪೂದಿಲ್ಲ.

ಎರಡೆಲಿ ಬಂದಾಗ ಹುಳ ಬೀಳತಾವು, ಬೂದಿ ಉದುರಿಸು. ಮತ್ತ ದಿನಾ ಕೈಯಾಡಸಬ್ಯಾಡ. ನಿನಗ ಒಂದು ಚಟ ಐತಿ, ಎಲ್ಲಾ ಎತ್ತೆತ್ತಿ ನೋಡತೀ. ಬಿಟ್ಟುಬಿಡು, ಬೆಳೀಲಿ.

ಅಕ್ಕ


ಲಿಂಗಂಪಲ್ಲಿ
11 ನವೆಂಬರ್ 2024

ಅಕ್ಕನವರಿಗೆ,

ನಾವೆಲ್ಲರೂ ಇಷ್ಟು ದಿನ ಕಾಪಾಡಿಕೊಂಡು ಬಂದಿದ್ದ ಸಸಿ ಉಳಿಯಲಿಲ್ಲ. ಕಳೆದ ಬುಧವಾರ ಬೆಳಿಗ್ಗೆ ಹೋಯಿತು. ಬಲ್ಲವರು ನೋಡಿ, ಇದು ಯಾರ ತಪ್ಪೂ ಅಲ್ಲ, ಕೆಲವೊಮ್ಮೆ ಹೀಗಾಗುವುದುಂಟು, ಕಾರಣ ತಿಳಿಯುವುದಿಲ್ಲ ಎಂದರು. ವನಜಾ ಎರಡು ದಿನ ಒಲೆ ಹಚ್ಚಲಿಲ್ಲ. 

ನಿಮಗೆ ತಿಳಿಸಬೇಕಾದದ್ದು ನನ್ನ ಕರ್ತವ್ಯವೆಂದು ಬರೆದಿದ್ದೇನೆ. ಹೆಚ್ಚಿನದನ್ನು ಬರೆಯಲು ಈಗ ಆಗುತ್ತಿಲ್ಲ.

ವಿಜಯಕುಮಾರ


ನವಲಗುಂದ
19 ನವೆಂಬರ್ 2024
(ಅಂಚೆ ಕಾರ್ಡು)

ವಿಜೂ, ಹೋದರ ಹೋತು ಬಿಡೋ! ಒಂದು ಸಸಿ ಹೋತು ಅಂತ ವನಜಾ ಒಲಿ ಹಚ್ಚಲಿಲ್ಲ ಅಂದ್ರ ನಿಮ್ಮನಿ ಮಂದಿಗೆಲ್ಲಾ ಹೈದರಾಬಾದಿನ ಗಾಳಿ ಬಡದೈತಿ. ಕಾರಣ ತಿಳಿಯೂದಿಲ್ಲ ಅಂದ ಶಾಣ್ಯಾ ಯಾವನಂವ? ಕಾರಣ ನಾ ಹೇಳತೀನಿ: ಅಕ್ಕರತಿ ಭಾಳ ಆತು. ಬೇರಿನಾಗ ಜೀವ ಇರಲಿಕ್ಕಿಲ್ಲ. ಉಳದದ್ದೆಲ್ಲಾ ಕಿತ್ತು ತಿಪ್ಪಿಗೆ ಒಗಿ. ನೆಲ ಹಸಿ ಇದ್ದಾಗನ ಇನ್ನೊಮ್ಮೆ ಬಿತ್ತು, ಬೀಜಕ್ಕೇನು ಬರಾ? ಅತ್ತಿ ಓದಿ ನಗಾಕತ್ತಿದ್ಳು ಅಂತ ನಿರೀಕ್ಷಾಗ ಹೇಳು. ಜ್ವಾಳದಾಗ ಎಡಿ ಹೊಡಿಯೂದು ನಡದೈತಿ, ಕೈ ಬಿಡುವಿಲ್ಲ. ಅಕ್ಕ


ಲಿಂಗಂಪಲ್ಲಿ
1 ಡಿಸೆಂಬರ್ 2024

ಅಕ್ಕನವರಿಗೆ,

ಕಾರ್ಡು ತಲುಪಿತು. ಇನ್ನು ಮುಂದೆ ದಯವಿಟ್ಟು ಕಾರ್ಡಿನಲ್ಲಿ ಬರೆಯಬೇಡಿ. ಲಕೋಟೆಯಲ್ಲಿ, ನನ್ನ ಹೆಸರಿಗೆ ಬರೆಯಿರಿ.

ಮಡಿ ಖಾಲಿಯಾಗಿದೆ. ಮತ್ತೆ ಬಿತ್ತಿಲ್ಲ. ಇಲ್ಲಿ ಬೆಳಗಿನ ಹೊತ್ತು ಚಳಿ ಹದಿನಾಲ್ಕು ಡಿಗ್ರಿಗೆ ಇಳಿಯುತ್ತಿದೆ. ಗಡಿಗೆಯ ಹೊರಮೈಗೆ ಬಿಳಿಯ ಉಪ್ಪು ಕಟ್ಟಿದೆ. ಮಳೆನೀರು ಮುಗಿದ ಮೇಲೆ ಬೋರ್‌ವೆಲ್ ನೀರು ತುಂಬಿದ್ದರ ಪರಿಣಾಮ. ಅದನ್ನು ತೆಗೆದು ಉಜ್ಜಿ ಬಿಸಿಲಿಗಿಟ್ಟಿದ್ದೇನೆ.

ಇನ್ನೊಂದು ವಿಷಯ ಬರೆಯಬೇಕಿತ್ತು. ಮುಂದಿನ ಪತ್ರದಲ್ಲಿ ಬರೆಯುತ್ತೇನೆ.

ವಿಜಯಕುಮಾರ


ನವಲಗುಂದ
11 ಡಿಸೆಂಬರ್ 2024

ವಿಜೂ,

ಕಾರ್ಡಿನಾಗ ಬರೀಬ್ಯಾಡ ಅಂದಿ, ಇಕಾ ಲಕೋಟಿ. ಯಾಕೋ ಸಿಟ್ಟಾದಿ? ನಾ ಚ್ಯಾಷ್ಟಿ ಮಾಡಿದ್ದು ಚುಚ್ಚತೇನ? ಸಣ್ಣಂವ ಇದ್ದಾಗೂ ಹಿಂಗs ಇದ್ದಿ. ಸಿಟ್ಟು ಬಂದ್ರ ಗ್ವಾಡಿ ಕಡೆ ಮಾರಿ ಮಾಡಿ ಮಗ್ಗಿ ಅಂತಿದ್ದಿ.

ಈಗ ಸುದ್ದಿ ಕೇಳು. ಹಸರ ಸೀರಿ ತಂದೀನಿ. ಇಳಕಲ್ಲದ್ದು, ಕೆಂಪ ಸೆರಗು. ಅಂಗಡಿಯಂವ ಮೂರು ತಾಸು ತೋರಸಿ ದಣದ. ನಿಮ್ಮ ಮಾವ ಜನವರಿ ಎಂಟಕ್ಕ ನನ್ನ ಟಿಕೀಟ ತಗಿಸ್ಯಾರ. ಅವರು ಬರೂದಿಲ್ಲ, ಮೊಣಕಾಲ. ಒಬ್ಬಾಕಿನs ಬರತೀನಿ. ಕುಬಸಕ್ಕ ಐದು ಮಂದಿ ಮುತ್ತೈದೇರನ್ನ ನೀ ಅಲ್ಲಿ ಹುಡುಕಿಡು, ಕಾಚಿಗೂಡದಾಗ ನಮ್ಮ ಮಂದಿ ಇದ್ದಾರಲ್ಲ. ಸಜ್ಜಕದ ಹೋಳಿಗಿ ನಾನs ಮಾಡತೀನಿ, ವನಜಾನ ಕೈಗೆ ಬಿಡೂದಿಲ್ಲ ಅಂತ ಹೇಳು, ಜಗಳಾಡಲಿ.

ಹುಡುಗಿ ಹೊಟ್ಟಿ ಎಷ್ಟು ಬಂದೈತಿ? ಕೂಸು ಒದಿಯಾಕತ್ತೈತೇನ? ನೀ ಎರಡು ಪತ್ರದಾಗೂ ಆಕಿ ಸುದ್ದೀನs ಬರದಿಲ್ಲ. ಬರೇ ಗಡಿಗಿ, ಮಣ್ಣು, ಉಪ್ಪು.

ಅಕ್ಕ


ಲಿಂಗಂಪಲ್ಲಿ
18 ಡಿಸೆಂಬರ್ 2024

ಅಕ್ಕಾ,

ಕುಬಸವಿಲ್ಲ. ನವೆಂಬರ್ ಆರರಂದು, ಬುಧವಾರ ಬೆಳಿಗ್ಗೆ, ನಿರೀಕ್ಷಾ ಮಗುವನ್ನು ಕಳೆದುಕೊಂಡಳು. ಹತ್ತೊಂಬತ್ತು ವಾರ ತುಂಬಿತ್ತು. ಹೆಣ್ಣು ಮಗು.

ನವೆಂಬರ್ ಹನ್ನೊಂದರ ನನ್ನ ಪತ್ರ ಈ ಸುದ್ದಿಯೇ ಆಗಿತ್ತು. ನಾನು ಸಸಿ ಎಂದು ಬರೆದೆ. ನೀನು ಸಸಿ ಎಂದೇ ಓದಿದೆ. ನಿನ್ನ ಓದಿನಲ್ಲಿ ಯಾವ ತಪ್ಪೂ ಇಲ್ಲ. ಆ ಪತ್ರವನ್ನು ನಾನು ನಾಲ್ಕು ಸಲ ಬರೆದಿದ್ದೆ. ಮೊದಲ ಮೂರರಲ್ಲಿ ಮಗು ಎಂಬ ಶಬ್ದವಿತ್ತು. ಆ ಮೂರನ್ನು ಹರಿದೆ. ನಾಲ್ಕನೆಯದನ್ನು ಅಂಚೆಗೆ ಹಾಕಿದೆ. ಅಕ್ಕ ಹೇಗೂ ಅರ್ಥಮಾಡಿಕೊಳ್ಳುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಕಾರ್ಖಾನೆಯ ಅಳತೆಯ ಪಟ್ಟಿಯಲ್ಲಿ ಕಿರಿಯರು ಹೀಗೆ ಸುತ್ತಿಬಳಸಿ ಬರೆದರೆ ನಾನು ಸಹಿ ಹಾಕದೆ ಹಿಂದಕ್ಕೆ ಕಳುಹಿಸುತ್ತೇನೆ.

ಆಗಿದ್ದನ್ನು ಕ್ರಮವಾಗಿ ಬರೆಯುತ್ತೇನೆ. ಸೋಮವಾರ ಸಮರ್ಥ್ ಪುಣೆಗೆ ಹೋಗಿದ್ದ. ತಪಾಸಣೆಗೆ ಅವಳನ್ನು ನಾನು ಕರೆದೊಯ್ದೆ. ಜೊತೆಗೊಬ್ಬರು ಬರಬಹುದು ಎಂದರು; ಅವಳು, "ಬರ್ರಿ ಅಪ್ಪಾ, ಪರದೆ ಮ್ಯಾಲ ಕಾಣತೈತಂತ" ಎಂದು ಕೈಹಿಡಿದು ಒಳಗೆ ಕರೆದಳು. ನನ್ನ ಕೆಲಸ ನಿನಗೆ ಗೊತ್ತು. ಕಾರ್ಖಾನೆಯಲ್ಲಿ ಲೋಹದೊಳಗೆ ಶಬ್ದದ ಅಲೆ ಬಿಟ್ಟು, ಹಿಂದಿರುಗುವ ಅಲೆಯಿಂದ ಒಳಗಿನ ಬಿರುಕು ಗುರುತಿಸುವುದು. ಇಪ್ಪತ್ತೇಳು ವರ್ಷದಿಂದ ಅದನ್ನೇ ಮಾಡಿದ್ದೇನೆ. ಇಲ್ಲಿಯ ಯಂತ್ರವೂ ಅದೇ ತತ್ವದ್ದು. ಎಲ್ಲಿ ಮಿಡಿತ ಕಾಣಬೇಕಿತ್ತೋ ಅಲ್ಲಿ ಏನೂ ಅಲುಗಾಡುತ್ತಿರಲಿಲ್ಲ. ವೈದ್ಯೆ ಬಾಯಿ ತೆರೆಯುವ ಮೊದಲೇ ನನಗೆ ತಿಳಿಯಿತು. ನಿರೀಕ್ಷಾ ಪರದೆ ಬಿಟ್ಟು ನನ್ನ ಮುಖ ನೋಡುತ್ತ, "ಎಲ್ಲೈತ್ರಿ ಅಪ್ಪಾ, ನಿಮಗ ಕಾಣಾಕತ್ತೈತೇನು?" ಎಂದು ಕೇಳುತ್ತಿದ್ದಳು. ನಾನು ಪರದೆಯ ಮೂಲೆಯ ಅಂಕಿಗಳನ್ನು ಓದುತ್ತಿದ್ದೆ.

ಬುಧವಾರ ಹೆರಿಗೆ ಮಾಡಿಸಿದರು. ಆ ಹೊತ್ತಿಗೆ ಸಮರ್ಥ್ ಬಂದಿದ್ದ. ನೋಡುತ್ತೀರಾ ಎಂದು ದಾದಿ ನನ್ನನ್ನು ಕೇಳಿದಳು. ನಾನು ಬೇಡವೆಂದೆ. ನಿರೀಕ್ಷಾ ನೋಡಿದಳು.

ಮನೆಗೆ ಬಂದ ಮೇಲೆ ಅವಳು ಕೇಳಿದ್ದು ಒಂದೇ. "ಅತ್ತಿಗೆ ನೀವs ತಿಳಸ್ರಿ ಅಪ್ಪಾ, ನನಗ ಬರಿಯಾಕ ಆಗೂದಿಲ್ಲ." ಪತ್ರ ಹಾಕಿ ಬಂದ ದಿನ, "ತಿಳಸಿದ್ರಿ?" ಎಂದಳು. ತಿಳಿಸಿದೆ ಎಂದೆ.

ಅಂದಿನಿಂದ ಅವಳು ನಿನ್ನ ಉತ್ತರಕ್ಕೆ ಕಾಯುತ್ತಿದ್ದಳು. ಕಾರ್ಡು ಬಂದಾಗ ಬಾಗಿಲಲ್ಲಿ ನಿಂತಿದ್ದವಳೂ ಅವಳೇ. ನಾನು ಕೆಲಸದಿಂದ ಬಂದಾಗ ಹಿಂದಿನ ನೆಲದಲ್ಲಿ ಕುಕ್ಕುರುಗಾಲಲ್ಲಿ ಕುಳಿತು ಹಕ್ಕರಕಿಯ ಗಿಡಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ಅಕ್ಕಾ, ಗಿಡಗಳಿಗೆ ಏನೂ ಆಗಿರಲಿಲ್ಲ. ಮೂವತ್ತನಾಲ್ಕೂ ಚೆನ್ನಾಗಿದ್ದವು. ಅಂಗೈಯಗಲ ಎಲೆ ಬಿಟ್ಟು ಹರಿಯಲು ಸಿದ್ಧವಾಗಿದ್ದವು. "ಏನು ಮಾಡುತ್ತಿದ್ದೀಯೆ?" ಎಂದೆ. ತಲೆ ಎತ್ತದೆ, "ಅತ್ತಿ ಹೇಳ್ಯಾಳಲ್ರಿ, ಕಿತ್ತು ತಿಪ್ಪಿಗೆ ಒಗಿ ಅಂತ. ಬೇರಿನಾಗ ಜೀವ ಇರಲಿಲ್ಲಂತ. ಬೀಜಕ್ಕೇನು ಬರಾ ಅಂತ. ಓದಿ ನಗಾಕತ್ತಿದ್ಳಂತ" ಎಂದಳು. ಕಾರ್ಡನ್ನು ಮಣ್ಣಿನ ಕೈಯಿಂದಲೇ ನನಗೆ ಕೊಟ್ಟಳು. ಓದಿದೆ. ಎರಡನೆಯ ಸಾಲಿಗೇ ನಡೆದ ತಪ್ಪು ನನಗೆ ತಿಳಿಯಿತು.

ಆಗಲೇ ಹೇಳಬಹುದಿತ್ತು: ಅತ್ತೆಗೆ ಏನೂ ಗೊತ್ತಿಲ್ಲ, ಅವಳು ಬರೆದದ್ದು ಈ ಸೊಪ್ಪಿನ ಬಗ್ಗೆ. ಆ ಮಾತಿಗೆ ಅರ್ಧ ನಿಮಿಷವೂ ಬೇಡ. ಹೇಳಿದ್ದರೆ ನಾನು ನಿನಗೆ ಬರೆದದ್ದೇನು ಎಂಬ ಪ್ರಶ್ನೆ ಬರುತ್ತಿತ್ತು. ನಾನು ಪೊರಕೆ ತಂದು ಮಣ್ಣು ಗುಡಿಸಿದೆ. ಇಪ್ಪತ್ತು ದಿನ ಅವಳು ನಿನ್ನನ್ನು ಕಲ್ಲುಮನಸ್ಸಿನವಳೆಂದು ತಿಳಿದು ಈ ಮನೆಯಲ್ಲಿ ಓಡಾಡಿದಳು. ನಾನು ಅದನ್ನು ನೋಡುತ್ತ ಇದ್ದೆ.

ನಿನ್ನ ಲಕೋಟೆ ನಿನ್ನೆ ಬಂತು. ಕೂಸು ಒದೆಯುತ್ತಿದೆಯೇ ಎಂದು ಕೇಳಿದ್ದೀಯೆ. ಇನ್ನು ಸುಮ್ಮನಿರಲಾಗಲಿಲ್ಲ. ನಾನು ಬರೆಯುವ ಪತ್ರಗಳ ಪ್ರತಿ ಇಟ್ಟುಕೊಳ್ಳುತ್ತೇನೆ. ನವೆಂಬರ್ ಹನ್ನೊಂದರ ಪ್ರತಿಯನ್ನೂ ನಿನ್ನ ಲಕೋಟೆಯನ್ನೂ ಅವಳ ಮುಂದಿಟ್ಟೆ. ಮೊದಲು ನಿನ್ನದನ್ನು ಓದಿ ಕಣ್ಣೊರೆಸಿಕೊಂಡಳು. ಆಮೇಲೆ ನನ್ನದನ್ನು ಎರಡು ಸಲ ಓದಿದಳು. ಅಳಲಿಲ್ಲ. ಹಾಳೆಯನ್ನು ನನ್ನ ಕಡೆ ತಿರುಗಿಸಿ ಕೇಳಿದಳು:

"ಅಪ್ಪಾ, ಇದರಾಗ ನಾ ಎಲ್ಲಿ ಅದೀನ್ರಿ?"

ಹಾಳೆಯನ್ನು ಮತ್ತೆ ಓದಿದೆ. ವನಜಾಳ ಹೆಸರಿತ್ತು. ಬುಧವಾರವಿತ್ತು. ಅವಳ ಹೆಸರು ಇರಲಿಲ್ಲ.

ಇಂದು ಬೆಳಿಗ್ಗೆ ಸಮರ್ಥ್ ಬಂದು ಅವಳನ್ನು ಮಣಿಕೊಂಡಕ್ಕೆ ಕರೆದೊಯ್ದ. ಹೊರಡುವಾಗ ತಾಯಿಗೆ ಹೇಳಿ ಹೋದಳು. ವಿಳಾಸ ಕೆಳಗೆ ಬರೆದಿದ್ದೇನೆ. ನನಗೆ ಏನಾದರೂ ಬರೆ, ಬರೆಯದೆಯೂ ಇರು. ಅವಳಿಗೆ ಮಾತ್ರ ಬರೆ.

ನಿನ್ನ
ವಿಜೂ


ನವಲಗುಂದ
25 ಡಿಸೆಂಬರ್ 2024

ನಿರೀಕ್ಷಾ, ನನ್ನವ್ವಾ,

ನನಗ ಗೊತ್ತಿರಲಿಲ್ಲ ಅನ್ನೂದು ಖರೆ. ಆದರ ಆ ಕಾರ್ಡು ಬರದ ಕೈ ನಂದs. ನಕ್ಕದ್ದೂ ನಾನs. ಗೊತ್ತಿರಲಿಲ್ಲ ಅಂದ್ರ ಚುಚ್ಚಿದ್ದು ಚುಚ್ಚಲಾರದಂಗ ಆಗೂದಿಲ್ಲ. ಅದಕ್ಕ ತಪ್ಪಾತವ್ವಾ ಅಂತ ನಿನಗ ನಾ ಕೈ ಮುಗಿದು ಹೇಳಾಕತ್ತೀನಿ. ನಾ ದೊಡ್ಡಾಕಿ ಅಂತ ನೀ ತಡೀಬ್ಯಾಡ.

ನಿಮ್ಮಪ್ಪನ ಮ್ಯಾಲ ನನಗ ಎಷ್ಟು ಸಿಟ್ಟು ಬಂದೈತಿ ಅಂದ್ರ, ಅಂವಗ ಪತ್ರ ಬರದಿಲ್ಲ. ಬರಿಯೂದೂ ಇಲ್ಲ. ಎದುರಿಗೆ ಬಂದು ಬೈತೀನಿ.

ಎಂಟನೇ ತಾರೀಖಿಗೆ ಟಿಕೀಟ ಐತಿ. ಸೀರಿ ತರೂದಿಲ್ಲ, ಹೋಳಿಗಿ ಮಾಡೂದಿಲ್ಲ, ಯಾರನ್ನೂ ಕರಿಯೂದಿಲ್ಲ. ನಿನ್ನ ಹಂತೇಲಿ ಕುಂದರತೀನಿ ಅಷ್ಟs. ಬ್ಯಾಡ ಅಂದ್ರ ಬಾಗಲಾ ತಗೀಬ್ಯಾಡ, ಪಾವಟಿಗಿ ಮ್ಯಾಲ ಕುಂತು ಹೊಳ್ಳಿ ಹೋಗತೀನಿ. ತಗದಿ ಅಂದ್ರ ನಿನ್ನ ಮನಸಿನಾಗಿಂದು ಎಲ್ಲಾ ಅನ್ನು. ಕೂಗಿ ಅನ್ನು, ಒದರಿ ಅಳು. ಕಿವುಡಿ ಮುಂದ ನಾಚಿಕಿ ಎಂಥಾದ್ದು?

ಒಂದs ಕೇಳತೀನಿ. ಆಕಿಗೆ ಏನಂತ ಹೆಸರು ಇಟಗೊಂಡಿದ್ದಿ?

ನಿಮ್ಮ ಅತ್ತಿ


ಲಿಂಗಂಪಲ್ಲಿ
2 ಫೆಬ್ರವರಿ 2025

ಅಕ್ಕಾ,

ನೀನು ಊರು ಮುಟ್ಟಿದ ಸುದ್ದಿ ಮಾವನವರು ಫೋನಿನಲ್ಲಿ ತಿಳಿಸಿದರು. ನಿನ್ನ ಬೈಗುಳಗಳು ನನ್ನ ನೆನಪಿನಲ್ಲಿವೆ. ಇನ್ನು ಮುಂದೆ ನಿನಗೆ ಎರಡು ಹಾಳೆ ಬರೆಯುತ್ತೇನೆ. ನೆಲದ ಸುದ್ದಿ ಒಂದರಲ್ಲಿ, ಮನೆಯ ಸುದ್ದಿ ಇನ್ನೊಂದರಲ್ಲಿ. ಒಂದರ ಮಾತು ಇನ್ನೊಂದಕ್ಕೆ ಹೋಗಬಾರದು.

ಮೊದಲನೆಯ ಹಾಳೆ

ಪುಂಡಿ ಬಿತ್ತಿದ್ದೇನೆ. ಇಲ್ಲಿಯವರು ಗೋಂಗೂರ ಎನ್ನುತ್ತಾರೆ. ಬೀಜ ಲಿಂಗಂಪಲ್ಲಿಯ ಸಂತೆಯದು. ನೀರಿನ ಉಪ್ಪಿಗೂ ಕೆಂಪು ಗರಸಿಗೂ ಅದು ಹೆದರುವುದಿಲ್ಲ. ನಾಲ್ಕು ದಿನಕ್ಕೆ ಎದ್ದಿದೆ. ಮಾರ್ಚ್ ನಂತರದ ಬಿಸಿಲಿಗೆ ಏನು ತಡೆಯುತ್ತದೆಂದು ಇಲ್ಲಿಯವರನ್ನೇ ಕೇಳಿ ಬಿತ್ತಬೇಕೆಂದಿದ್ದೇನೆ. ನಿನ್ನ ಕರಿಮಣ್ಣು ಈಗ ಕೆಂಪಿನಲ್ಲಿ ಬೆರೆತುಹೋಗಿದೆ, ಬೇರೆ ಮಾಡಲಾಗುವುದಿಲ್ಲ.

ಎರಡನೆಯ ಹಾಳೆ

ನಿನಗೆ ತಿಳಿಯದ ಒಂದು ಸಂಗತಿಯಿದೆ. ಜನವರಿ ಹತ್ತರಂದು ನಿನ್ನನ್ನು ಮಣಿಕೊಂಡಕ್ಕೆ ಕರೆದೊಯ್ದಾಗ, ಕೆಳಗೆ ಗಾಡಿಯಲ್ಲಿ ಇರುತ್ತೇನೆ ಎಂದಿದ್ದೆ. ಇರಲಿಲ್ಲ. ಮೇಲೆ ಬಂದು ಬಾಗಿಲ ಹೊರಗೆ ನಿಂತಿದ್ದೆ. ಅವಳ ಮಾತು ಕೇಳಿಸುತ್ತಿರಲಿಲ್ಲ. ನಿನ್ನದು ಮಾತ್ರ ಕೇಳಿಸುತ್ತಿತ್ತು. ನಿನ್ನ ದನಿ ನಿನಗೆ ಎಷ್ಟು ದೊಡ್ಡದೆಂದು ಗೊತ್ತಾಗುವುದಿಲ್ಲ. "ಏನಂದಿ? ಇನ್ನೊಮ್ಮೆ ಅನ್ನು. ಪೂರ್ವಿ? ಪೂರ್ವಿ ಅಂದ್ಯಾ?" ಎಂದೆ ನೀನು. ನನ್ನ ಮೊಮ್ಮಗಳ ಹೆಸರು ನನಗೆ ತಿಳಿದದ್ದು ಹಾಗೆ.

ಅದಾದ ಮೇಲೆ ನಿರೀಕ್ಷಾ ಎರಡು ಸಲ ಇಲ್ಲಿಗೆ ಬಂದಳು. ತಾಯಿಯೊಂದಿಗೆ ಮಾತನಾಡುತ್ತಾಳೆ. ನನ್ನನ್ನು ಚಹಾ ಬೇಕೇ ಎಂದು ಕೇಳುತ್ತಾಳೆ. ನಾನು ಬೇಕು ಎನ್ನುತ್ತೇನೆ. ಅಷ್ಟೇ. ವನಜಾ ಒಂದು ದಿನ, "ನೀವು ಹಿಂಗs ಕಂಬದಂಗ ನಿಂತ್ರ ಆಕಿ ಎಷ್ಟು ದಿನಾ ಅಂತ ಕಂಬಕ್ಕ ಚಹಾ ಕೊಟ್ಟಾಳ್ರಿ?" ಎಂದಳು.

ಇಂದು ಬೆಳಿಗ್ಗೆ ನಾನೊಬ್ಬನೇ ಮಣಿಕೊಂಡಕ್ಕೆ ಹೋದೆ. ಕೈಯಲ್ಲಿ ಏನನ್ನೂ ಒಯ್ಯಲಿಲ್ಲ. ಬಾಗಿಲು ತೆರೆದವಳು ಅವಳೇ. ಸಮರ್ಥ್ ಮನೆಯಲ್ಲಿರಲಿಲ್ಲ. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡು ಹೋಗಿದ್ದೆ. ಒಂದೂ ಬರಲಿಲ್ಲ. "ಪೂರ್ವಿ" ಎಂದೆ. ಆ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಅವಳು ಬಾಗಿಲ ಚಿಲಕ ಹಿಡಿದೇ ನಿಂತಿದ್ದಳು.

"ಆಕಿ ಹೆಂಗಿದ್ಳು ಅಂತ ಇಲ್ಲೀತನಕ ಯಾರೂ ನನ್ನ ಕೇಳಿಲ್ರಿ ಅಪ್ಪಾ" ಎಂದಳು.

ನಾನು ಕೇಳಿದೆ.

ವಿಜೂ